ಕೊಟ್ಟಿಗೆಯಿಂದ ಎಳೆದ ಕರೆಂಟು

ಮೊಂಟಾನಾದ ಆ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ಬಲ್ಬು ಹಿಡಿದು ನಿಂತಿದ್ದ ವರ್ನಾಳಿಗೆ ಮುಂದಿದ್ದ ಗಂಡ ಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹೆಂಡತಿ ತುಂಬು ಬಸುರಿ; ಗಂಡನ ಹೆಗಲ ಮೇಲೆ ವೈರಿನ ಸುರುಳಿ.

“ಇದು ದಪ್ಪ ವೈರು ಕಣೆ ಟ್ವೈಲಾ. ಮನೆ ಕಟ್ಟಿ ಮುಗಿಯೋವರೆಗೂ ನಾವಿರೋ ಟ್ರೇಲರಿನಲ್ಲಿ ಹೀಟರೂ ಕಾಫಿಯೂ ಒಟ್ಟಿಗೇ ಆಗುತ್ತೆ.”

“ಅಬ್ಬಾ, ಅರಮನೆ ಬಿಡು! ಪಕ್ಕದ ಆರ್ವಿಲ್ ಕೊಟ್ಟಿಗೆಯಿಂದ ಎಳೆದಿರೋ ಕರೆಂಟು ತಾನೇ? ಅವನ ಹಸುಗಳಿಗೆ ನೀರು ಕಾಯಿಸಿದ ತಕ್ಷಣ ನಮ್ಮ ದೀಪ ಹೋಗುತ್ತಲ್ಲ?”

“ನಮ್ಮ ಸೈಟಿಗೇ ಕಂಬ ಹಾಕ್ಸಿದೀನಲ್ಲ. ಸೋಮವಾರ ಕರೆಂಟಿನ ಇನ್‌ಸ್ಪೆಕ್ಟರ್ ಬಂದು ಸಹಿ ಹಾಕಿದ್ರೆ ಲೈನ್ ಕೊಡ್ತಾರೆ.”

“ಯಾವ ವರ್ಷದ ಸೋಮವಾರ? ಮಗು ಮುಂದಿನ ವಾರ ಬರುತ್ತೆ. ಅದು ಯಾರ ಸಹಿಗೂ ಕಾಯಲ್ಲ.”

“ಈಗ ಏನು ಮಾಡು ಅಂತೀಯ?”

“ಕೊಟ್ಟಿಗೇಲೇ ನನಗೊಂದು ಹಾಸಿಗೆ ಹಾಕ್ಸು. ಕರೆಂಟ್ ಇರೋದು ಅಲ್ಲೇ ಅಲ್ವಾ?”

“ಕೊಟ್ಟಿಗೇಲಿ ಹೆರಿಗೆಯಾ? ಜನ ಏನಂತಾರೆ?”

“ಹಿಂದೆ ಕ್ರಿಸ್‌ಮಸ್ ದಿನ ಒಂದು ಆಗಿತ್ತಲ್ಲ. ಆ ಮಗು ಚೆನ್ನಾಗೇ ಹೆಸರು ಮಾಡ್ತು.”

ಗಂಡ ವೈರನ್ನು ಮತ್ತೆ ಗೂಟಕ್ಕೆ ನೇತುಹಾಕಿ, ಜೇಬಿನಿಂದ ಫೋನು ತೆಗೆದ.

“ಅತ್ತೆ, ನಿಮ್ಮನೇಲಿ ಒಂದು ರೂಮು ಖಾಲಿ ಇದೆಯಾ?”

ಟ್ವೈಲಾ ಅವನ ತೋಳು ಹಿಡಿದುಕೊಂಡು ಹುಷಾರಾಗಿ ಹೊರಗಿನ ಹಿಮಕ್ಕೆ ಇಳಿದಳು.