ಮೂರನೇ ಕಾರಿನ ಸರದಿ

ಹೆಸರು: ಮನಸ್ವಿನಿ, ತಂದೆ ವೆಂಕಟಾಚಲ. ವಯಸ್ಸು: 27. ಉದ್ಯೋಗ: ಖಾಸಗಿ ಸಂಶೋಧನಾ ಸಂಸ್ಥೆಯಲ್ಲಿ ವೈರ್‌ಲೆಸ್ ಎಂಜಿನಿಯರ್. ವಾಸ: ಬೋಪಾಲ್ ಬಡಾವಣೆ, ಅಹಮದಾಬಾದ್. ಸ್ವಂತ ಊರು: ದಾವಣಗೆರೆ.

ಗುಜರಾತಿ ಬರೆಯಲು ಬಾರದ ಕಾರಣ ಪೊಲೀಸರಿಗೆ ಕನ್ನಡದಲ್ಲೇ ಬರೆದುಕೊಡುವುದೇನೆಂದರೆ, ನಮ್ಮ ಸಂಸ್ಥೆಯ ಚಾಲಕ, ಸೂರತ್‌ನ ಸತ್ಯಪ್ರಕಾಶ (44) ನಿನ್ನೆ ಬೆಳಿಗ್ಗೆ 6.40ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಹೆಂಡತಿ ಸೀತಾ ಫೋನ್ ಮಾಡಿ ತಿಳಿಸಿದರು. ಸತ್ಯಪ್ರಕಾಶ ಅವರು ತೂಕಡಿಸಿ ಕಾರು ಗುದ್ದಿದರೆಂದು ನಮ್ಮ ವಿಭಾಗದ ಮುಖ್ಯಸ್ಥ, ಕನ್ನಡಿಗರೇ ಆದ ರಾಘವ ಕೊಟ್ಟಿರುವ ದೂರು ಸುಳ್ಳು.

12-2-2004ರಂದು ಬೋಪಾಲ್‌ನಿಂದ 6 ಕಿ.ಮೀ. ಆಚೆ, ಸಂಚಾರಕ್ಕೆ ಇನ್ನೂ ತೆರೆಯದ ರಸ್ತೆಯಲ್ಲಿ ಅತಿಥಿಗಳಿಗಾಗಿ ಪ್ರದರ್ಶನವಿತ್ತು. ನಾಲ್ಕು ಕಾರುಗಳು ಒಂದರ ಹಿಂದೊಂದು 20 ಮೀಟರ್ ಅಂತರದಲ್ಲಿ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಬೇಕು. ಮುಂದಿನ ಕಾರು ಬ್ರೇಕ್ ಒತ್ತಿದರೆ ವೈರ್‌ಲೆಸ್ ಮೂಲಕ ಹಿಂದಿನ ಕಾರಿನೊಳಗೆ ಕೆಂಪು ದೀಪ ಹತ್ತುತ್ತದೆ. ನಾಲ್ಕಕ್ಕೂ ಇದ್ದದ್ದು ಒಂದೇ ಚಾನೆಲ್. ಎರಡು ಕಾರು ಒಟ್ಟಿಗೆ ಮಾತಾಡಿದರೆ ಎರಡೂ ಕೇಳಿಸುವುದಿಲ್ಲ. ಆದ್ದರಿಂದ ಒಂದು ಸೆಕೆಂಡನ್ನು ಎಂಟು ಪಾಲು ಮಾಡಿ, ಪ್ರತಿ ಕಾರಿಗೆ ಎರಡೆರಡು ಸರದಿ ಕೊಟ್ಟಿದ್ದೆ.

ಅದೇ ಸರದಿಯಲ್ಲಿ ಕಾರು ಕಳಿಸುವ ತನ್ನ ಜಾಗ, ಅತಿಥಿಗಳು ಕೂತಿದ್ದ ಪೆಂಡಾಲಿನ ಪರದೆಯಲ್ಲಿ ಚುಕ್ಕೆಯಾಗಿ ಕಾಣುತ್ತಿತ್ತು. 10.15ಕ್ಕೆ ರಾಘವ ಅವರು ಪರದೆಯಲ್ಲಿ ಮೊದಲ ಕಾರಿನ ಚುಕ್ಕೆ ಕುಪ್ಪಳಿಸುತ್ತಿದೆ, ಮೂರನೆಯದರ ಸರದಿ ತೆಗೆದು ಅದಕ್ಕೆ ಕೊಡು, ಮೂರನೆಯದನ್ನು ಕಂಪ್ಯೂಟರ್ ಅಂದಾಜಿನ ಮೇಲೆ ತೋರಿಸಲಿ ಎಂದರು. ಹಾಗಾದರೆ ಮೂರನೆಯದು ಬ್ರೇಕ್ ಒತ್ತಿದರೂ ನಾಲ್ಕನೇ ಕಾರಿಗೆ ತಿಳಿಯುವುದಿಲ್ಲ ಎಂದೆ.

"ಮದುವಿ ಪಂಕ್ತಿಯಾಗ ಬಡಸ್ಲಿಕ್ಕೆ ಹತ್ತೀಯೇನವಾ, ಎಲ್ಲಾರಿಗೂ ಸಮ ಸಮ? ಹತ್ತು ನಿಮಿಷದ ಆಟ ಐತಿ. ತಗಿ" ಎಂದರು.

ನಾನು ತೆಗೆದೆ.

ಬದಲಾವಣೆಯನ್ನು ಚಾಲಕರಿಗೆ ತಿಳಿಸಲಿಲ್ಲ. ಮುಂದಿನ ಕಾರು ಹತ್ತಿರವಾದಂತೆ ಕಂಡರೂ ದೀಪ ಹತ್ತುವ ತನಕ ಬ್ರೇಕ್ ಒತ್ತಬಾರದೆಂಬುದು ಅವರಿಗಿದ್ದ ಆದೇಶ. ಒಳಗಿನ ದೀಪವನ್ನಷ್ಟೇ ನೋಡಲೆಂದು ಕಾರುಗಳ ಹಿಂದಿನ ಬ್ರೇಕ್ ದೀಪಗಳಿಗೂ ಕಪ್ಪು ಟೇಪ್ ಅಂಟಿಸಲಾಗಿತ್ತು. ನಾಲ್ಕನೇ ಕಾರು ಸತ್ಯಪ್ರಕಾಶ ಅವರದು. ಕಾರು ಹತ್ತುವ ಮುನ್ನ ಅವರು, ಬೆನ್ (ತಂಗಿ), ಹೆಂಡತಿಯ ಮಾತನ್ನೂ ಇಷ್ಟು ಕೇಳಿದವನಲ್ಲ, ನಿಮ್ಮ ದೀಪದ ಮಾತು ಕೇಳುತ್ತೇನೆ ಎಂದು ಹಿಂದಿಯಲ್ಲಿ ತಮಾಷೆ ಮಾಡಿದರು.

10.42ಕ್ಕೆ ಎರಡನೇ ಮತ್ತು ಮೂರನೇ ಕಾರಿನ ನಡುವೆ ನೀಲ್‌ಗಾಯ್ (ಕುದುರೆಯಷ್ಟು ದೊಡ್ಡ ಕಾಡುಜಿಂಕೆ) ಒಂದು ಅಡ್ಡ ಬಂತು. ಮೂರನೇ ಕಾರು ಬ್ರೇಕ್ ಹಾಕಿ ನಿಂತಿತು. ನಾಲ್ಕನೆಯದರ ದೀಪ ಹತ್ತಲಿಲ್ಲ; ಅದು ಹೋಗಿ ಮೂರನೆಯದಕ್ಕೆ ಗುದ್ದಿತು. ರಸ್ತೆಯಲ್ಲಿ ನಾಲ್ಕನೇ ಕಾರಿನ ಬ್ರೇಕ್ ಗುರುತು 3 ಮೀಟರ್ ಮಾತ್ರ ಇದೆ. ನಾನು 400 ಮೀಟರ್ ದೂರದ ಪೆಂಡಾಲಿನಲ್ಲಿದ್ದೆ. ಸದ್ದು ಕೇಳಿ ಎದ್ದಾಗ ಪರದೆಯಲ್ಲಿ ಮೂರನೇ ಕಾರು ಇನ್ನೂ ಅರವತ್ತರ ವೇಗದಲ್ಲಿ ಓಡುತ್ತಿತ್ತು. ಅದನ್ನು ನೋಡಿ ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದರು.

ಅದೇ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಸೀತಾ ಅವರು, ಇವರು ಕಾರು ಓಡಿಸುತ್ತ ನಿದ್ದೆ ಹೋಗಿದ್ದರೇ ಎಂದು ನನ್ನನ್ನು ಕೇಳಿದರು. ನಾನು ಉತ್ತರಿಸುವ ಮೊದಲೇ ರಾಘವ ಅವರು ನನ್ನನ್ನು ಮೆಟ್ಟಿಲ ಬಳಿ ಕರೆದೊಯ್ದು, "ಬದಲು ಮಾಡಿದ್ದು ನಿನ್ನ ಪಾಸ್‌ವರ್ಡಿನಾಗ ಐತಿ, ನೆನಪಿರಲಿ" ಎಂದರು. ಮೂರು ದಿನ ಅದನ್ನೇ ನೆನಪಿಟ್ಟುಕೊಂಡು ಸುಮ್ಮನಿದ್ದೆ. ಅಷ್ಟರಲ್ಲಿ ಸತ್ಯಪ್ರಕಾಶ ಅವರು ತಪ್ಪಿತಸ್ಥರಾಗಿಯೇ ಸತ್ತರು.

ಪಾಸ್‌ವರ್ಡ್ ನನ್ನದೇ. ಸರದಿ ತೆಗೆದವಳೂ ನಾನೇ. ಸತ್ಯಪ್ರಕಾಶ ಅವರು ನಿದ್ದೆ ಹೋಗಿರಲಿಲ್ಲ, ಹೇಳಿದಂತೆ ದೀಪಕ್ಕಾಗಿ ಕಾದರು.

ಇಷ್ಟನ್ನೂ ನಾನೇ ಬರೆದು, ಮತ್ತೊಮ್ಮೆ ಓದಿ ನೋಡಿದ್ದೇನೆ. ಇದರಲ್ಲಿ ಸುಳ್ಳಿಲ್ಲ. ಸರದಿಯ ದಾಖಲೆ ಉಳಿದಿರುವ ನಾಲ್ಕೂ ಕಾರುಗಳ ವೈರ್‌ಲೆಸ್ ಸೆಟ್‌ಗಳನ್ನು 19-2-2004ರ ಬೆಳಿಗ್ಗೆ 11 ಗಂಟೆಗೆ ಪಂಚರ ಸಮಕ್ಷಮ ತೆರೆಯಲಾಗುವುದು. ಆಗ ಹಾಜರಿರಲು ನನಗೆ ಸೂಚಿಸಲಾಗಿದೆ.

ಸ್ಥಳ: ಅಹಮದಾಬಾದ್
ದಿನಾಂಕ: 16-2-2004
(ಸಹಿ) ಮನಸ್ವಿನಿ ವಿ.