ಬ್ರೇಕ್ ಟೀಚರ ಗಾಡಿಗೊಂದು ಬ್ಯಾಟರಿ

"ಹಲೋ... ಯಾರು ಮಾತಾಡ್ತಿರೋದು?... ಯಾರು ಅಂದೆ... ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಫ್ಯಾನಿನ ಸದ್ದು... ಓ, ನೀನಾ. ಇದ್ಯಾರ ನಂಬರು?"

ಟೀಚರ್ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡಳು. ತಮ್ಮನ ಮಾತನ್ನು ಆಕೆ ಕೇಳುವುದೇ ಅಷ್ಟು ದೂರದಿಂದ. ಡ್ರೈವಿಂಗ್ ಸ್ಕೂಲಿಗೆ ಕಲಿಯಲು ಬರುವವರೆಲ್ಲ ಬೆನ್ನ ಹಿಂದೆ ಆಕೆಯನ್ನು ಬ್ರೇಕ್ ಟೀಚರ್ ಎನ್ನುತ್ತಿದ್ದರು. ಕಲಿಸುವವರ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಪೆಡಲ್ ಇರುತ್ತದಲ್ಲ, ಅದರ ಮೇಲಿಂದ ಆಕೆಯ ಕಾಲು ಪೂರ್ತಿ ಎದ್ದದ್ದನ್ನು ಕಂಡವರಿಲ್ಲ.

"ಅಂಗಡಿಯೋರ ಫೋನಾ? ನಿಂದೇನಾಯ್ತು?... ಚಾರ್ಜಿಲ್ಲ. ಸರಿಹೋಯ್ತು. ಬ್ಯಾಟರಿ ತರೋಕೆ ಹೋದ ಮಹಾನುಭಾವನ ಫೋನಲ್ಲೇ ಬ್ಯಾಟರಿ ಇಲ್ಲ... ನಗಬೇಡ. ನಗಿಸೋಕೆ ಹೇಳಿದ್ದಲ್ಲ ನಾನು."

ಕಿಟಕಿಯಾಚೆ ಅಂಗಳದಲ್ಲಿ ಗಾಡಿ ಬಾನೆಟ್ ಎತ್ತಿಕೊಂಡು, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತ ಮುದುಕನ ಹಾಗೆ ನಿಂತಿತ್ತು. ಬ್ಯಾಟರಿ ಇದ್ದ ಜಾಗದಲ್ಲಿ ತುಕ್ಕು ಹಿಡಿದ ತಟ್ಟೆ, ಅತ್ತಿತ್ತ ಬಿದ್ದ ಎರಡು ವಯರು, ಅಷ್ಟೇ. ಸತ್ತ ಬ್ಯಾಟರಿಯನ್ನು ಬದಲಿಗೆ ಕೊಡಲೆಂದು ತಮ್ಮ ಬೆಳಿಗ್ಗೆಯೇ ಹೊತ್ತುಕೊಂಡು ಹೋಗಿದ್ದ. ಗೋಡೆ ಬದಿಯ ಬೆಂಚಿನ ಮೇಲೆ ಟೈಲರಮ್ಮ ಕೂತಿದ್ದಳು. ನಾಳೆ ಬೆಳಿಗ್ಗೆ ಅವಳ ಲೈಸೆನ್ಸ್ ಟೆಸ್ಟು. ಹೋದ ಸಲ ಏರಿನ ನಡುಮಧ್ಯೆ ಗಾಡಿ ಆಫ್ ಆಗಿ, ಮತ್ತೆ ಸ್ಟಾರ್ಟೇ ಆಗದೆ, ಹಿಂದಿನ ಸೀಟಿನಲ್ಲಿದ್ದ ಇನ್ಸ್‌ಪೆಕ್ಟರು ಮಾತಿಲ್ಲದೆ ಬಾಗಿಲು ತೆಗೆದು ಇಳಿದು ನಡೆದುಹೋಗಿದ್ದರು.

"ಹಾಂ, ಹೇಳು. ಎಷ್ಟು ಥರದ್ದು ತೋರಿಸಿದಾರೆ?... ಎರಡು. ಇರು, ಮೊದಲು ನಾನು ಹೇಳೋದು ಕೇಳು. ಹೋದ ಸಲದ ಥರ ಮಾಡ್ಕೊಂಡು ಬರಬೇಡ... ಏನು ಮಾಡಿದ್ದೆ ಅಂತ ನನ್ನೇ ಕೇಳ್ತೀಯಾ? ಎತ್ತರದ್ದು ತಂದು, ಬಾನೆಟ್ ಮುಚ್ಚೋಕಾಗದೆ, ಸೈಕಲ್ ಟ್ಯೂಬ್ ಕತ್ತರಿಸಿ ಬ್ಯಾಟರಿ ತಲೆಗೆ ಟೋಪಿ ಹಾಕಿದೋನು ಯಾರು? ನಾನಾ?... ಅದಕ್ಕಿಂತ ಮುಂಚಿನದು ಹೇಳ್ಲಾ? ಪ್ಲಸ್ಸು ಆ ಕಡೆ ಇರಬೇಕಾದ್ದು, ಈ ಕಡೆ ಇರೋದನ್ನ ತಂದೆ. ವಯರು ಎಟುಕಲಿಲ್ಲ. ಎಳೆದೆ, ಎಳೆದೆ, ಹಸುವಿನ ಹಗ್ಗ ಎಳೆದ ಹಾಗೆ... ಬಿಡು. ಹಳೇದೆಲ್ಲ ಕೆದಕಿದ್ರೆ ಸಂಜೆ ಆಗುತ್ತೆ."

ಟೈಲರಮ್ಮ ಗೋಡೆಯ ಮೇಲಿನ ರಸ್ತೆ ಚಿಹ್ನೆಗಳ ಚಾರ್ಟನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು.

"ಈಗ ಹೇಳು. ಎತ್ತರ ನೋಡಿದ್ಯಾ?... ಹಾಂ?... ತಟ್ಟೆ ಅಳತೆ ಮೊದಲೇ ತಗೊಂಡಿದ್ಯಾ? ದಾರದಲ್ಲಿ?... ಸರಿ. ಪ್ಲಸ್ಸು ಯಾವ ಕಡೆ?... ಬಾನೆಟ್ ಮುಂದೆ ನಿಂತ್ರೆ ಎಡಗಡೆ... ಹೌದು, ಎಡಗಡೇನೇ. ಮತ್ತೆ ಅದು ಅಂಗಡೀಲಿ ಎಷ್ಟು ಕಾಲದಿಂದ ಧೂಳು ತಿನ್ತಾ ಕೂತಿದೆ ಅಂತ... ಅದೂ ನೋಡಿದ್ಯಾ. ಹೋದ ತಿಂಗಳು ತಯಾರಾಗಿದ್ದು."

ಟೀಚರ್ ಫೋನನ್ನು ಕಿವಿಗೆ ಹತ್ತಿರ ತಂದಳು. ಬೈಯಲು ಸಿದ್ಧವಾಗಿ ನಿಂತ ನಾಲಿಗೆಗೆ ಕೆಲಸ ಸಿಗದೆ ಆಕೆಗೆ ಒಂದು ಥರ ಇರುಸುಮುರುಸಾಯಿತು.

"ಏನೋ ಇದು? ಇವತ್ತು ಯಾರ ಮುಖ ನೋಡ್ಕೊಂಡು ಎದ್ದೆ?... ಯಾರು ಹೇಳಿಕೊಟ್ರು ಇದೆಲ್ಲ?... ಯಾರೂ ಇಲ್ಲ. ನೀನೇ ತಿಳ್ಕೊಂಡೆ. ಇಷ್ಟು ವರ್ಷ ಆ ತಿಳುವಳಿಕೇನ ಯಾವ ಡಬ್ಬದಲ್ಲಿ ಮುಚ್ಚಿಟ್ಟಿದ್ದೆ ಅಂತ... ಆಯ್ತು, ಆಯ್ತು. ವಾರಂಟಿ ಎಷ್ಟು?... ಚಿಕ್ಕದಕ್ಕೆ ಒಂದು ವರ್ಷ, ದೊಡ್ಡದಕ್ಕೆ ನಾಲ್ಕು. ಮತ್ತೆ ಕೇಳೋದೇನಿದೆ, ದೊಡ್ಡದು ತಗೋ... ಯಾಕೆ ಸಾಕು?... ಅಲ್ಲ, ಚಿಕ್ಕದು ಯಾಕೆ ಸಾಕು ಅಂತ?"

ಆಚೆಯಿಂದ ಉತ್ತರ ಉದ್ದವಾಗಿತ್ತು. ಕೇಳುತ್ತ ಕೇಳುತ್ತ ಆಕೆಯ ಹುಬ್ಬುಗಳು ಒಂದರ ಹತ್ತಿರ ಒಂದು ಬಂದವು.

"ವಾರಕ್ಕೊಂದು ಸಲ ತೆಗೆಯೋ ಗಾಡಿಗೆ ಇದೇ ಬೇಕಾದಷ್ಟಾಯ್ತು ಅಂತ ಯಾರಂದ್ರು? ಅಂಗಡಿಯೋರಾ? ನಮ್ಮ ಗಾಡಿ ಯಾವತ್ತಪ್ಪಾ ವಾರಕ್ಕೊಂದು ಸಲ ಹೊರಟಿದ್ದು? ಬೆಳಿಗ್ಗೆ ಹಿಡಿದ್ರೆ ದೀಪ ಹಚ್ಚೋವರೆಗೂ ಅದಕ್ಕೆ ಬಿಡುವಿಲ್ಲ. ಹಾಗಂತ ಓಡುತ್ತಾ? ಓಡೋದೂ ಇಲ್ಲ. ಒಂದು ಮಾರು ಹೋಗುತ್ತೆ, ಕ್ಲಚ್ಚು ದಬಕ್ಕನೆ ಬಿಡ್ತಾರೆ, ಆಫ್ ಆಗುತ್ತೆ. ಮತ್ತೆ ಸೆಲ್ಫು. ಮತ್ತೊಂದು ಮಾರು. ಆ ಬ್ಯಾಟರಿ ಕೊಡೋದೇ ಆಯ್ತು, ವಾಪಸ್ ತುಂಬ್ಕೊಳ್ಳೋಕೆ ಪುರುಸೊತ್ತೆಲ್ಲಿ? ಇಲ್ಲೇ ಟೈಲರಮ್ಮ ಕೂತಿದಾರೆ. ಮೊನ್ನೆ ಗೇಟಿಂದ ಮೂಲೆ ಮನೆ ಮುಟ್ಟೋಷ್ಟರಲ್ಲಿ ಎಷ್ಟು ಸಲ ಆಫ್ ಮಾಡಿದ್ರು ಅಂತ ಅವರನ್ನೇ ಕೇಳು... ಟೈಲರಮ್ಮಾ, ಬೇಜಾರು ಮಾಡ್ಕೋಬೇಡಿ, ಮಾತಿಗೆ ಹೇಳಿದ್ದು."

ಟೈಲರಮ್ಮ ಬೇಜಾರಿಲ್ಲವೆಂದು ತಲೆಯಾಡಿಸಿ, ಬ್ಯಾಗಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಹಾಂ, ಹೇಳು... ಯಾವ ಪೆಡಲ್?... ನನ್ನ ಕಾಲ ಹತ್ರ ಇರೋದಾ?... ಅದನ್ನ ಬಿಚ್ಚೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೀನ್ಯಾಕೆ ಕೇಳ್ತಿದೀಯ?... ಸುಮ್ನೆ. ಬ್ಯಾಟರಿ ಅಂಗಡೀಲಿ ನಿಂತಿದ್ದೋನಿಗೆ ಸುಮ್ಮಸುಮ್ಮನೆ ಬ್ರೇಕ್ ಪೆಡಲ್ ನೆನಪಾಯ್ತು. ಅಲ್ವಾ?"

ಟೀಚರ್ ಎದ್ದು ನಿಂತಳು. ವಾರಕ್ಕೊಂದು ಸಲ ತೆಗೆಯುವ ಗಾಡಿ. ಒಂದೇ ವರ್ಷದ ಬ್ಯಾಟರಿ. ಎರಡನೆಯ ಬ್ರೇಕ್ ಬೇಡವಾದ ಯಾರೋ ಒಬ್ಬರು. ಗಾಡಿಯ ಕಾಗದ ತಮ್ಮನ ಹೆಸರಿನಲ್ಲಿತ್ತು. ಅಪ್ಪ ಸಾಯುವ ಮುಂಚೆ ಗಾಡಿಯನ್ನು ಮಗನಿಗೂ ಸ್ಕೂಲನ್ನು ಮಗಳಿಗೂ ಮಾಡಿಟ್ಟಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಹೋಗದಿರಲಿ ಎಂದು ಮಾಡಿದ್ದ ಏರ್ಪಾಡು ಅದು. ಇನ್ನೊಂದು ಗಾಡಿ ಕೊಳ್ಳುವ ಶಕ್ತಿ ಸ್ಕೂಲಿಗೆ ಇರಲಿಲ್ಲ. ಅಂಗಳದಲ್ಲಿರುವ ಇದು ಹೋದರೆ ಬಾಗಿಲಿಗೆ ಬೀಗ ಹಾಕುವುದೊಂದೇ ಉಳಿಯುವುದು.

"ಯಾರಿಗೆ ಮಾರ್ತಿದೀಯ?... ಸುತ್ತಿ ಬಳಸಿ ಮಾತಾಡಬೇಡ. ಗಾಡಿ ಯಾರಿಗೆ ಕೊಡ್ತಿದೀಯ ಅಂದೆ... ಯಾರು, ಔಷಧಿ ಅಂಗಡಿಯೋರಾ?... ಪಕ್ಕದಲ್ಲೇ ನಿಂತಿದಾರಾ. ಹಾಗೆ ಹೇಳು. ಅಳತೆ, ಪ್ಲಸ್ಸು, ತಿಂಗಳು, ಎಲ್ಲ ಅವರ ಬಾಯಿಂದ ಬಂದಿದ್ದು. ನಾನೂ ಅಂದ್ಕೊಂಡೆ, ಇವನ ತಲೇಲಿ ಇದೆಲ್ಲ ಎಲ್ಲಿ ಮೊಳೀತು ಅಂತ... ನಾಳೆ ಟೆಸ್ಟ್ ಮುಗಿದ ಮೇಲೆ ಹೇಳೋಣ ಅಂತಿದ್ಯಾ? ದೊಡ್ಡ ಉಪಕಾರ ಆಯ್ತು. ಕೊಡು ಅವರಿಗೆ. ಫೋನು ಕೊಡೋ ಅವರಿಗೆ."

ಆಕೆ ಗಂಟಲು ಸರಿಮಾಡಿಕೊಂಡಳು. ಮುಂದಿನ ಮಾತು ಬೇರೆಯೇ ಹೆಂಗಸಿನ ಬಾಯಿಂದ ಬಂದಂತೆ ಬಂತು.

"ನಮಸ್ಕಾರ... ಹಾಂ, ನಾನೇ, ಅವನ ಅಕ್ಕ... ಅಯ್ಯೋ, ಕೋಪ ಯಾಕೆ? ಗಾಡಿ ಅವನದು, ತಗೊಳ್ಳೋರು ನೀವು, ಮಧ್ಯೆ ನಾನ್ಯಾರು? ಒಂದೆರಡು ವಿಷಯ ನಿಮ್ಮ ಕಿವಿಗೆ ಹಾಕಿಬಿಟ್ರೆ ನನ್ನ ಮನಸ್ಸಿಗೆ ಸಮಾಧಾನ... ರಜಾ ದಿನ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಸುತ್ತಾಡೋಕೆ ಅಲ್ವಾ?... ಸಂತೋಷ. ಹಾಗಾದ್ರೆ ಕೂರಿಸೋಕೆ ಮುಂಚೆ ಕೇಳಿ."

ಟೀಚರ್ ಕಿಟಕಿಯಾಚೆಯ ಗಾಡಿಗೆ ಬೆನ್ನು ಮಾಡಿ ನಿಂತಳು. ಒಬ್ಬರ ಬಗ್ಗೆ ಆಡುವ ಮಾತು ಅವರಿಗೇ ಕೇಳಬಾರದೆಂದು ತಿರುಗಿ ನಿಲ್ಲುತ್ತಾರಲ್ಲ, ಹಾಗೆ.

"ಕ್ಲಚ್ಚು. ಊರಿನ ಅರ್ಧ ಜನ ಕಾಲೂರಿ ಕಲಿತಿದ್ದು ಅದರ ಮೇಲೆ. ಬಸ್ ನಿಲ್ದಾಣದ ಮೆಟ್ಟಿಲು ಸವೆದಿರೋ ಹಾಗೆ ಸವೆದಿದೆ... ಎರಡನೇ ಗೇರು ಹಾಕಿದ್ರೆ ಹಲ್ಲು ಕಡಿಯುತ್ತೆ. ರಿವರ್ಸು ಬೇಕು ಅಂದಾಗ ಬೀಳಲ್ಲ, ಬೇಡ ಅಂದಾಗ ಬೀಳುತ್ತೆ... ಸ್ಟೀರಿಂಗು ನೇರ ಹಿಡಿದ್ರೂ ಒಂದು ಕಡೆಗೇ ಎಳೆಯುತ್ತೆ, ಮನೆ ಬಿಟ್ಟು ಹೋಗಬೇಕು ಅಂತ ಕೂತ ಗಂಡನ ಹಾಗೆ... ಹಿಂದಿನ ಬಂಪರು ನೋಡಿದ್ರಾ? ಅದು ಅದರದ್ದಲ್ಲ. ಬೇರೆ ಯಾವುದೋ ಗಾಡಿದು, ತಂತಿ ಕಟ್ಟಿ ನಿಲ್ಲಿಸಿದೀವಿ... ಮಕ್ಕಳು ಕೂರೋ ಕಡೆ ಬಾಗಿಲು ಒಳಗಿಂದ ತೆಗೆಯೋಕಾಗಲ್ಲ, ಹೊರಗಿಂದ ಒಬ್ಬರು ಬಂದು ತೆಗೀಬೇಕು... ಮಳೆ ಬಂದ್ರೆ ಕಾಲಡಿ ನೀರು, ಬಿಸಿಲು ಬಂದ್ರೆ ಕಾಲಡಿ ಬೆಂಕಿ..."

ಚಿಕ್ಕಂದಿನಲ್ಲಿ ಬಾಯಿಪಾಠವಾದ ಪದ್ಯವನ್ನು ಹಿರಿಯರ ಮುಂದೆ ಒಪ್ಪಿಸುವವರ ಹಾಗೆ, ಉಸಿರು ನಿಲ್ಲಬೇಕಾದಲ್ಲಿ ನಿಲ್ಲಿಸಿ, ಒಂದಕ್ಷರವೂ ಜಾರದಂತೆ ಆಕೆ ಒಪ್ಪಿಸಿದಳು. ಅದರಲ್ಲಿ ಸುಳ್ಳೆಂಬುದು ಒಂದೂ ಇರಲಿಲ್ಲ. ಇಷ್ಟನ್ನೂ ಆಕೆ ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದಿದ್ದಳು. ಇನ್ಸ್‌ಪೆಕ್ಟರ ಮುಂದೆಯೂ, ಕಲಿಯಲು ಬಂದವರ ಮುಂದೆಯೂ, ಗಾಡಿಯ ಮಾನ ಕಾಪಾಡಿದ್ದಳು. ಬೆಂಚಿನ ಮೇಲೆ ಟೈಲರಮ್ಮನ ಮುಖ ಬಿಳಿಚಿಕೊಂಡಿತ್ತು.

"ಗಾಡಿ ಅಂತ ನಾವು ಕರೀತೀವಿ ಅಷ್ಟೆ. ಗುಜರಿಯೋರು ನೋಡಿದ್ರೂ ಮೂಗು ಮುರೀತಾರೆ. ಅದಕ್ಕೆ ನೀವು ಯಾವ ಬ್ಯಾಟರಿ ಹಾಕಿದ್ರೂ ಒಂದೇ... ಹಾಂ?... ಏನಂದ್ರಿ?... ಹಾಗಾದ್ರೆ ನಾವ್ಯಾಕೆ ಇಟ್ಕೊಂಡಿದೀವಿ ಅಂತಾನಾ?"

ಟೀಚರ್ ತಿರುಗಿ ಕಿಟಕಿಯಾಚೆ ನಿಂತ ಗಾಡಿಯನ್ನು ನೋಡಿದಳು.

"...ಕಲಿಯೋರಿಗೆ ಇಂಥದ್ದೇ ಬೇಕು. ಇದರಲ್ಲಿ ಏರು ಹತ್ತಿಸಿದೋರು ಯಾವುದರಲ್ಲಾದ್ರೂ ಹತ್ತಿಸ್ತಾರೆ... ಇಲ್ಲ, ಬೇರೆ ಏನೂ ಇಲ್ಲ... ಮನೇಲಿ ಒಂದು ಮಾತು ಕೇಳಿ ಹೇಳ್ತೀರಾ? ಧಾರಾಳವಾಗಿ ಕೇಳಿ. ಅವಸರವೇನಿಲ್ಲ. ಅವನಿಗೆ ಕೊಡಿ ಫೋನು."

ಆಕೆ ಮತ್ತೆ ಕುರ್ಚಿಗೆ ಬಿದ್ದಂತೆ ಕೂತಳು. ಗೆದ್ದವರ ಕೂರುವಿಕೆಯಲ್ಲ ಅದು.

"ಹೋದ್ರಾ?... ಚಪ್ಪಲಿ ಹಾಕ್ಕೊಂಡು ಹೊರಟೇಬಿಟ್ರಾ? ಮನೇಲಿ ಕೇಳೋ ಮುಖ ಅಲ್ಲ ಅದು, ಧ್ವನೀಲೇ ಗೊತ್ತಾಯ್ತು... ಬೈ. ಬೈಯೋದಿದ್ರೆ ಬೈ, ಕೇಳ್ತೀನಿ... ಇಲ್ಲದ್ದೇನಾದ್ರೂ ಹೇಳಿದ್ನಾ?... ನಿನ್ನದು. ಹೌದು. ಕಾಗದದಲ್ಲಿ ನಿನ್ನದು. ಹಾಗಾದ್ರೆ ಕಾಗದ ಹತ್ತಿ ಕೂತು ಬಾ ಮನೆಗೆ... ಏನು?... ನಿನಗೇನಿದೆ ಇಲ್ಲಿ ಅಂದ್ರೆ? ಪೆಟ್ರೋಲು ಹಾಕಿಸೋದು, ಪಂಕ್ಚರು ನೋಡೋದು, ಬ್ಯಾಟರಿ ತರೋದು. ಅದನ್ನೂ ನೆಟ್ಟಗೆ ಮಾಡದೋನಿಗೆ ಇನ್ನೇನಿರಬೇಕಿತ್ತು?... ನಾನೂ ಕಲಿಸ್ತೀನಿ ಅಂತ ಕೇಳಿದ್ಯಾ? ಯಾವಾಗ ಕೇಳಿದ್ದೆ?... ಅಪ್ಪ ಹೋದ ವರ್ಷ... ಅದಾದ ಮೇಲೂನಾ... ನಾನೇನಂದೆ?"

ಆಚೆಯವನು ಹೇಳಿದ. ಟೀಚರ್ ಮೇಜಿನ ಮೇಲಿದ್ದ ಗಾಡಿ ಕೀಲಿಯನ್ನು ಈ ಕಡೆಯಿಂದ ಆ ಕಡೆಗೆ ಇಟ್ಟಳು, ಆ ಕಡೆಯಿಂದ ಈ ಕಡೆಗೆ ಇಟ್ಟಳು.

"ನೀನು ಆ ಸೀಟಲ್ಲಿ ಕೂತ್ರೆ ಊರಿಗೆ ಊರೇ ಆಸ್ಪತ್ರೆ ಸೇರುತ್ತೆ ಅಂದ್ನಾ?... ಕಲಿಯೋರ ಮುಂದೆ ಅಂದ್ನಾ?... ಅವರೆಲ್ಲ ನಕ್ರಾ... ತಮಾಷೆಗೆ ಅಂದಿರ್ತೀನಿ... ಪ್ರತಿ ಸಲಾನೂ? ಹೂಂ... ಸರಿ, ಅಂಗಡೀಲಿ ನಿಂತು ಮೂಗು ಸೆಳೀಬೇಡ, ಜನ ನೋಡ್ತಾರೆ... ನೆಗಡಿನಾ. ಆಗ್ಲಿ, ನೆಗಡಿ."

ಟೈಲರಮ್ಮ ಮೆಲ್ಲಗೆ ಎದ್ದು ಹೊರಗೆ ಹೋಗಲೇ ಎಂಬಂತೆ ಬಾಗಿಲ ಕಡೆ ನೋಡಿದಳು. ಟೀಚರ್ ಕೈಸನ್ನೆ ಮಾಡಿ ಕೂರಿಸಿದಳು.

"ಕೇಳು. ದೊಡ್ಡದು ತಗೋ. ನಾಲ್ಕು ವರ್ಷದ್ದು... ಯಾಕಂದ್ರೆ? ನಾಲ್ಕು ವರ್ಷ ಓಡಬೇಕು, ಅದಕ್ಕೆ. ಹಣೆಬರಹ ಚೆನ್ನಾಗಿದ್ರೆ ಐದು... ಹಾಂ?... ತಗೊಳಲ್ವಾ?... ಚಿಕ್ಕದೂ ತರಲ್ವಾ? ಹಾಗಂದ್ರೆ ಏನೋ, ನಾಳೆ ಟೆಸ್ಟು... ನೀನೇ ಬರಲ್ವಾ?"

ಹಿಂದೆಲ್ಲ ಅವನು ಬೈಸಿಕೊಂಡು ಬಾಗಿಲು ಬಡಿದಿದ್ದ, ಊಟ ಬಿಟ್ಟು ಮಲಗಿದ್ದ. ಆದರೆ ಆಗುವುದಿಲ್ಲ ಎಂಬ ಮಾತನ್ನು ತಮ್ಮ ಇಷ್ಟು ಮೆಲ್ಲಗೆ ಆಡಿದ್ದು ಇದೇ ಮೊದಲು. ಆ ಮೆಲ್ಲಗಿನ ಮಾತಿಗೆ ಟೀಚರ್ ಹೆದರಿದಳು. ಔಷಧಿ ಅಂಗಡಿಯವರನ್ನು ಓಡಿಸಿದ ನಾಲಿಗೆ ಇಲ್ಲಿ ಏನೂ ಮಾಡದು. ಇವನಿಗೆ ಹೇಳಲು ಒಂದೇ ಮಾತಿತ್ತು. ಅದು ನಾಲಿಗೆಗೆ ಅಭ್ಯಾಸವಿಲ್ಲದ ಮಾತು.

"...ನಾಳೆ ಟೈಲರಮ್ಮನ ಜೊತೆ ನೀನು ಕೂತ್ಕೋ... ಬ್ರೇಕಿನ ಸೀಟಲ್ಲಿ... ಹಾಂ? ಕೇಳಿಸ್ಲಿಲ್ವಾ? ಕೇಳಿಸ್ಲಿಲ್ಲ ಅಂದ್ರೆ ಬಿಡು. ಎರಡನೇ ಸಲ ಹೇಳೋ ಮಾತಲ್ಲ ಅದು..."

ಟೈಲರಮ್ಮ ತಲೆಯೆತ್ತಿದಳು. ಫೋನಿನೊಳಗೆ ಅಂಗಡಿಯಲ್ಲಿ ಯಾರೋ ಭಾರವಾದದ್ದನ್ನು ನೆಲದ ಮೇಲೆ ಎಳೆಯುವ ಸದ್ದು.

"ಹಲೋ?... ಇದೀಯಾ?... ಬ್ರೇಕಿನ ಸೀಟು ಅಂದೆ ಕಣೋ. ನಾಳೆಯಿಂದ ನೀನೇ ಕೂತ್ಕೋ. ನಾನು ಹಿಂದಿನ ಸೀಟಲ್ಲಿ..."

ಲೈನು ಕಡಿಯಿತು.