ತೀರದ ಹಾಸು

ರಬಕವಿಯ ಹೊಳೆದಂಡೆಯಲ್ಲಿ ಊರ ಜೈನರ ಪಾರಿಸಪ್ಪ ಸ್ತೋತ್ರ ಹೇಳಿಕೊಳ್ಳುತ್ತ ದೋಣಿಗೆ ಕಾದಿದ್ದ. ನೇಕಾರರ ನೀಲವ್ವ ಅಡವಿಟ್ಟಿದ್ದ ಮನೆಯನ್ನು ಸಂಸ್ಥಾನದ ಹರಾಜಿನಲ್ಲಿ ಕೊಂಡಿದ್ದ ದುಂಡಪ್ಪ ಸಾವಕಾರ ನೂಲು ಒಯ್ಯಲು ಬಂದಿದ್ದ ಅವಳನ್ನು ಅಲ್ಲೇ ತರುಬಿದ. ಅವರ ಮಾತಿಗೆ ಕಿವಿಗೊಟ್ಟ ಪಾರಿಸಪ್ಪನಿಗೆ ಸ್ತೋತ್ರದ ಸಾಲು ತಪ್ಪಿತು.

“ಮನಿ ಯಾವಾಗ ಬಿಡ್ತಿ, ನೀಲವ್ವಾ?”

“ಮಗ್ಗದ ಮ್ಯಾಲ ಉದ್ದಕ ಕಟ್ಟಿದ ಹಾಸಿನ ಎಳಿ ನೇದು ತೀರೂತನಕ ಇರು ಅಂತ ಪಂಚರ ಮುಂದ ನೀವ ಒಪ್ಪೀರಲ್ರೀ.”

“ಒಪ್ಪಿ ವರ್ಷಾತು! ಒಂದ ಹಾಸು ಎಷ್ಟ ಉದ್ದ ಇರತೈತಿ?”

“ತೀರಾಕ ಬಂದಾಗೊಮ್ಮೆ ಅದರ ತುದಿಗೆ ಹೊಸ ಎಳಿ ಹೊಸೀತೀನ್ರಿ. ನೇಕಾರರೆಲ್ಲಾ ಹಂಗ ಮಾಡೂದು.”

“ಹಂಗಾದ್ರ ಅದು ತೀರೂದ ಯಾವಾಗ?”

“ನನ್ನ ಸೊಸಿನೂ ಹೊಸಿಯಾಕ ಕಲತಾಳ್ರಿ.”

ದೋಣಿ ಬಂತು. ಸಾವಕಾರ ಸಿಟ್ಟಿನಿಂದ ಹತ್ತಿದ. ನೀಲವ್ವ ಹೊಸ ನೂಲಿನ ಗಂಟನ್ನು ತಲೆಗೇರಿಸಿಕೊಂಡು ಊರ ಕಡೆ ಹೆಜ್ಜೆ ಹಾಕಿದವಳು ತಿರುಗಿ ಕೂಗಿದಳು:

“ಮಾಳಗಿ ಸೋರಾಕತ್ತೈತ್ರೀ! ಮನಿ ನಿಮ್ಮದಲ್ಲೇನು? ಲಗೂನ ಮಣ್ಣ ಹಾಕಸ್ರಿ.”